ಐದನೆಯ ಹಾಡಿನ ಚಪ್ಪಾಳೆ

ಪ್ರಸನ್ನ, ನಿನ್ನ ಬಲಗೈ ಮುರಿದವರು ಆ ಜನರಲ್ಲ. ನಾನು. ಬೂಟುಗಾಲಲ್ಲಿ, ಬೇಕೆಂದೇ, ಎರಡು ಸಲ ತುಳಿದೆ.

ಆರು ವರ್ಷ ಮುಚ್ಚಿಟ್ಟಿದ್ದ ಈ ಮಾತನ್ನು ಇವತ್ತು ಬರೆಯುತ್ತಿದ್ದೇನೆ. ನಮ್ಮ ಪಾಪ್-ಪಂಕ್ ತಂಡ ತಂದದ್ದು ಒಂದೇ ಒಂದು ಪುಟ್ಟ ಆಲ್ಬಂ—ಐದು ಹಾಡು, ಹದಿನಾಲ್ಕು ನಿಮಿಷ. ಮೂರು ಹಾಡು ರಾಜೀವನಗರದ ಸ್ಟುಡಿಯೋದಲ್ಲಿ ರೆಕಾರ್ಡ್ ಆದವು. ಅಲ್ಲಿ ನಿನ್ನ ಕಿವಿಯಲ್ಲಿ ತಾಳದ ಟಿಕ್‌ಟಿಕ್ ಇತ್ತು, ಡ್ರಮ್ ಬಾರಿಸುವ ನೀನು ತಾಳ ಮೀರಿ ಓಡುವಂತಿರಲಿಲ್ಲ. ಉಳಿದೆರಡು ಮೇಟಗಳ್ಳಿಯ ಹಳೇ ಗೋದಾಮಿನಲ್ಲಿ, ಭಾನುವಾರ ಮಧ್ಯಾಹ್ನ, ಜನರ ಮುಂದೆ. ಅಲ್ಲಿ ನಿನ್ನನ್ನು ಹಿಡಿಯುವವರೇ ಇರಲಿಲ್ಲ. ಐದನೆಯ ಹಾಡಿನಲ್ಲಿ ನೀನು ಡ್ರಮ್ ಎಷ್ಟು ಓಡಿಸಿದೆಯೆಂದರೆ ಹಾಡುತ್ತಿದ್ದ ನನ್ನ ಬಾಯಿಗೆ ಸಾಲುಗಳೇ ಸಿಗಲಿಲ್ಲ. ಜನ ನಕ್ಕರು. ನೀನು—ನಾನು ಬರೆದ ಸಾಲನ್ನು ನಿನ್ನ ಮೈಕಿನಲ್ಲಿ ಹಾಡಿಬಿಟ್ಟೆ. ಗೋದಾಮಿಗೆ ಗೋದಾಮೇ ನಿನ್ನ ಜೊತೆ ಹಾಡಿತು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಹಾಡು ಮುಗಿಯುತ್ತಲೇ ಜನ ಹುಚ್ಚೆದ್ದು ವೇದಿಕೆಗೆ ನುಗ್ಗಿದರು, ಡ್ರಮ್ ಉರುಳಿತು, ನೀನು ಬೋರಲು ಬಿದ್ದೆ. ಡ್ರಮ್ಮಿನ ಕೋಲು ಹಿಡಿದ ನಿನ್ನ ಬಲಗೈ ನನ್ನ ಕಾಲ ಬುಡದಲ್ಲೇ ಇತ್ತು. ಆ ಗಲಾಟೆಯಲ್ಲಿ ನಿನಗೆ ಕೇಳಿಸಲಿಲ್ಲ, ನಾನು ಹೇಳಿದ್ದು ಇದು: "ಅದ್ಯಾವ್ ಕೈಲಿ ಬಾರಿಸ್ತೀಯೋ ನೋಡೇಬುಡ್ತೀನಿ ಕಣೋ!" ತುಳಿದೆ. ಮೂಳೆ ಲಟಕ್ಕೆಂದಿತು. ನೀನು ಕಿರುಚಿದೆ—ನಾನು ಮತ್ತೊಮ್ಮೆ ತುಳಿದೆ. ಮೊದಲನೆಯದನ್ನು ಸಿಟ್ಟು ಎನ್ನಬಹುದೇನೋ. ಎರಡನೆಯದನ್ನು—ಏನೆನ್ನಲಿ? ಆಮೇಲೆ ನಿನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನೂ ನಾನೇ.

ಕೆಳಗೆ ಬಿದ್ದಿದ್ದ ಡ್ರಮ್ಮಿನ ಮೈಕು ಎಲ್ಲವನ್ನೂ ಹಿಡಿದಿತ್ತು. ರೆಕಾರ್ಡಾದದ್ದನ್ನು ಜೋಡಿಸಿ ಹದಮಾಡುವ ಮಿಕ್ಸಿಂಗಿಗೆ ಕೂತವನು ನಾನೊಬ್ಬನೇ. ನಾಲ್ಕನೆಯ ಹಾಡಿನ ಚಪ್ಪಾಳೆಯನ್ನು ಕತ್ತರಿಸಿ ತಂದು ನನ್ನ ಮಾತಿನ ಮೇಲೆ ಹೊದಿಸಿದೆ. ನಿನ್ನ ಕಿರುಚಾಟವನ್ನು ಮಾತ್ರ ಉಳಿಸಿಕೊಂಡೆ—ಹಾಡಿಗೆ ಚೆನ್ನಾಗಿ ಹೊಂದುತ್ತಿತ್ತು, ಅದಕ್ಕೆ. ಕೇಳಿದವರೆಲ್ಲ ಅದನ್ನೇ ಹೊಗಳಿದರು. ಹೊಗಳಿಕೆಗೆ ನಾನು ಕೈಮುಗಿದೆ.

ಮೊನ್ನೆ ಅಶೋಕಪುರಂನ ನಿಮ್ಮ ಮನೆಗೆ ಬಂದಾಗ ನೀನು ಎಡಗೈಯಲ್ಲಿ ಕಾಫಿ ಕೊಟ್ಟು, "ನೀನಿಲ್ದಿದ್ರೆ ಆ ಜನ ನನ್ನ ತುಳ್ದು ಸಾಯಿಸ್ಬುಡ್ತಿದ್ರು ಕಣೋ" ಎಂದೆ. ನಿಮ್ಮಮ್ಮ ನನ್ನ ತಲೆ ಸವರಿದರು. ನಾನು, ನಾಚಿಕೆಗೆಟ್ಟವನು, ಸಕ್ಕರೆ ಕಡಿಮೆ ಎಂದು ಹೇಳಿ ಕುಡಿದೆ.

ಚಪ್ಪಾಳೆ ಹೊದಿಸದ ಮೂಲ ಪ್ರತಿ ಇನ್ನೂ ನನ್ನ ಬಳಿ ಇದೆ. ಈ ಭಾನುವಾರ ತರುತ್ತೇನೆ. ಅಮ್ಮನೂ ಪಕ್ಕದಲ್ಲಿರಲಿ. ನೀನು ಕೇಳಿ ಮುಗಿಸುವವರೆಗೆ ನಾನು ಏಳುವುದಿಲ್ಲ. ಆಮೇಲೆ ಎದ್ದು ಹೋಗು ಎಂದರೆ, ಹೋಗುತ್ತೇನೆ.