ಮೈನಸ್ ನಾಕು ಯಾಕ ಬರೀಲಿಲ್ಲ

ಆ ಉತ್ತರಪತ್ರಿಕಿ ನೆನಪಾದ್ರ ಇವತ್ತಿಗೂ ಮೈ ಉರೀತೈತಿ.

ಇಳಕಲ್ಲಿನಾಗ ಪಿಯುಸಿ ಮೊದಲ ವರ್ಷ ನಾ ವಿಜ್ಞಾನ ತಗೊಂಡಿದ್ದೆ. ಗಣಿತದ ಸರು ಮೊದಲ ದಿನನೇ ಹೇಳಿಬಿಟ್ಟಿದ್ರು, ಅರ್ಧವಾರ್ಷಿಕ ಪರೀಕ್ಷಾದಾಗ ಮೂವತ್ತೈದು ಬರದವರು ಕಲಾ ವಿಭಾಗಕ್ಕ ನಡೀಬೇಕು ಅಂತ. ನನಗ ಬಂದದ್ದು ಮೂವತ್ತಮೂರು. ಆ ಕಡಿಮಿ ಬಿದ್ದ ಎರಡು ಅಂಕ ಹೋದದ್ದು ಒಂದು ಲಾಗ್ ಸಮೀಕರಣದಾಗ. ಮಜಾ ನೋಡ್ರಿ, ಅದನ್ನ ನಾ ಸರಿಯಾಗೇ ಬಿಡಿಸಿದ್ದೆ!

ಲೆಕ್ಕ ಹಿಂಗಿತ್ತು: ಆಧಾರ ಎರಡು ಇಟಗೊಂಡು, ಎಕ್ಸ್‌ನ ಲಾಗ್‌ಗೆ ಎಕ್ಸ್ ಪ್ಲಸ್ ಎರಡರ ಲಾಗ್ ಕೂಡಿಸಿದ್ರ ಮೂರು. ಲಾಗ್ ಕೂಡಿಸಿದ್ರ ಒಳಗಿನವು ಗುಣಾಕಾರ ಆಗ್ತಾವು. ಅಂದ್ರ ಎಕ್ಸ್ ಗುಣಿಲೆ ಎಕ್ಸ್ ಪ್ಲಸ್ ಎರಡು, ಎರಡರ ಮೂರನೇ ಘಾತಕ್ಕ ಸಮ, ಅಂದ್ರ ಎಂಟು. ಬಿಡಿಸಿದ್ರ ಎಕ್ಸ್ ಎರಡು, ಇಲ್ಲಾ ಮೈನಸ್ ನಾಕು. ಆದ್ರ ಮೈನಸ್ ಸಂಖ್ಯಾಕ್ಕ ಲಾಗ್ ಎಲ್ಲಿಂದ ಬರಬೇಕು? ಅದನ್ನ ಹೊಡದು ಹಾಕಿ, ಎರಡು ಅಂತ ಒಂದೇ ಉತ್ತರ ಬರದಿದ್ದೆ.

"ವರ್ಗ ಸಮೀಕರಣ ಅಂದ ಮ್ಯಾಲ ಎರಡು ಉತ್ತರ ಇರಬೇಕು. ಗೈಡಿನ್ಯಾಗೂ ಎರಡು ಅದಾವ. ಮೈನಸ್ ನಾಕು ಯಾಕ ಬರೀಲಿಲ್ಲ?" ಅಂದ್ರು ಸರು.

"ಹಾಕಿ ನೋಡ್ರಿ ಸರ್, ಕೂಡೂದಿಲ್ಲ."

"ನನಗ ಕಲಿಸಾಕ ಬಂದೀ ಏನ? ನಾಳೆ ನಿಮ್ಮವ್ವನ್ನ ಕರ್ಕೊಂಡು ಬಾ. ವಿಭಾಗ ಬದಲಿ ಅರ್ಜಿಗೆ ಸಹಿ ಹಾಕ್ಲಿ."

ಅವ್ವ ಮಗ್ಗದಾಕಿ. ಸೀರಿ ಮೈಯ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಿ ಜೋಡಿಸಿದ ಮ್ಯಾಲ, ಒಂದೊಂದನ್ನೂ ಜಗ್ಗಿ ನೋಡದ ನೇಯಾಕ ಕುಂದ್ರಾಕಿ ಅಲ್ಲ. ಮರುದಿನ ಕಾಲೇಜಿಗೆ ಬಂದಾಕಿ, ಸರು ಮುಂದಿಟ್ಟ ಅರ್ಜಿ ಮುಟ್ಟಲೇ ಇಲ್ಲ.

"ನಿಮ್ಮ ಲೆಕ್ಕ ನನಗ ತಿಳಿಯೂದಿಲ್ರಿ ಸರ. ಆದ್ರ ಹಾಕಿ ನೋಡ್ರಿ ಅಂತಾಳಲ್ಲ ಆಕಿ. ನನ್ನ ಮುಂದ ಒಮ್ಮೆ ಹಾಕಿ ನೋಡ್ರಿ, ಆಮ್ಯಾಲ ಸಹಿ ಮಾಡ್ತೇನಿ."

ಸರು ಸಿಟ್ಟಿಲೆ ಪೆನ್ನು ತಗೊಂಡು ಎಕ್ಸ್ ಇದ್ದಲ್ಲಿ ಮೈನಸ್ ನಾಕು ಬರದ್ರು. ಮೈನಸ್ ನಾಕರ ಲಾಗ್. ಪೆನ್ನು ಅಲ್ಲೇ ನಿಂತಿತು. ಎರಡು ಅಂಕ ಹಾಕಿ ಪತ್ರಿಕಿ ನನ್ನ ಕಡೆ ಒಗೆದ್ರು. ತಪ್ಪಾತು ಅನ್ನೂದು ದೂರ ಉಳೀತು, "ಹೆಣ್ಣುಹುಡುಗಿಗೆ ಇಷ್ಟು ಬಾಯಿ ಇರಬಾರದು" ಅಂದ್ರು. ಎಂಥಾ ಸೊಕ್ಕು ಅಂತೀನಿ!

ಹಿಗ್ಗಿ ಹೊರಗ ಬಂದೆ. ಬಾಗಿಲ ಬಾಜೂಕ ನನ್ನ ಬೆಂಚಿನ ಗೆಳತಿ ನಿಂತಿದ್ದಳು, ಹುನಗುಂದದಿಂದ ಬಸ್ಸಿಗೆ ಬರಾಕಿ. ಆಕಿಗೆ ಮೂವತ್ತನಾಕು ಬಂದಿತ್ತು. ಅವರಪ್ಪ ಹಿಂದಿನ ದಿನನೇ ಅರ್ಜಿಗೆ ಸಹಿ ಹಾಕಿ ಹೋಗಿದ್ದ. ನನ್ನ ಪತ್ರಿಕಿ ಇಸಗೊಂಡು ಆ ಲೆಕ್ಕ ನೋಡಿದಳು.

"ನಾನೂ ಮೈನಸ್ ನಾಕು ಹೊಡದು ಹಾಕಿದ್ದೆ ಲೇ," ಅಂದಳು.

ತಿರುಗಿ ಒಳಗ ಹೋದೆ. "ಸರ್, ಆಕಿದೂ ಸರಿ ಐತ್ರಿ. ಆಕಿದೂ ಅಂಕ ಹಾಕ್ರಿ."

ಸರು ತಲಿ ಎತ್ತಲಿಲ್ಲ. "ಆಕಿ ಕೇಳಿಲ್ಲಲ್ಲ. ಅರ್ಜಿ ಆಫೀಸಿಗೆ ಹೋಗಿ ಆತು."

ಮರುದಿನದಿಂದ ಆ ಬೆಂಚಿನಾಗ ನಾ ಒಬ್ಬಾಕೇ ಕುಂತೆ.