ಆಟವಿಲ್ಲದ ವರ್ಷದ ಅಂಗಿ

ಕೊರಟಗೆರೆಯ ಬಸ್ ನಿಲ್ದಾಣಕ್ಕೆ ಆ ಶನಿವಾರ ಬೆಳಿಗ್ಗೆ ಮೊದಲು ಬಂದದ್ದು ಗೊರವನಹಳ್ಳಿಯ ಬಸ್ಸು. ಲಕ್ಷ್ಮಿಯ ದರ್ಶನಕ್ಕೆ ಹೊರಟ ಹೆಂಗಸರು ಅದನ್ನು ತುಂಬಿಕೊಂಡರು. ಕಿಟಕಿ ಪಕ್ಕದಲ್ಲಿ ಕೂತ ಒಬ್ಬಾಕೆ ನನ್ನನ್ನೂ ಕೈಬೀಸಿ ಕರೆದಳು. ನಾನು ಪಾವಗಡದ ಕಡೆಗೆ ಎಂದೆ.

"ಶನಿಮಾತ್ಮನ ಗುಡಿಗಾ?"

"ಇಲ್ಲ, ಒಂದು ಅಂಗಿ ತರೋದಿತ್ತು."

"ಅಂಗಿ ತರಾಕೆ ಪಾವಗಡಕ್ಕಾ! ಯಾಕಮ್ಮ, ಕೊರಟಗೆರೆಲಿ ಬಟ್ಟೆ ಅಂಗ್ಡಿಯೆಲ್ಲಾ ಬಾಗ್ಲಾಕ್ಬುಟ್ರಾ?"

ಬಸ್ಸಿನ ತುಂಬ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ಮರುದಿನ ಪಿತೃಪಕ್ಷದ ಅಮಾವಾಸ್ಯೆ. ನಮ್ಮಲ್ಲಿ ಅವತ್ತು ತೀರಿಹೋದವರಿಗೆ ಹೊಸಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದುದನ್ನು ಮಾಡಿ ಎಡೆ ಇಡುತ್ತೇವೆ. ಮೊದಲ ವರ್ಷದ ಬಟ್ಟೆಯನ್ನು ಮದುವೆಯಾಗಿ ಹೋದ ಹೆಣ್ಣುಮಗಳೇ ತರಬೇಕು. ನನ್ನ ತಮ್ಮ ನಾಗೇಶನಿಗೆ ಇದು ಮೊದಲ ವರ್ಷ. ಮಧುಗಿರಿಯಲ್ಲಿ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡಿಕೊಂಡಿದ್ದವನು ಕಾಮಾಲೆಯಾಗಿ ಆಷಾಢದಲ್ಲಿ ಹೋದ. ಮದುವೆಯಾಗಿರಲಿಲ್ಲ.

ಅವನು ಆ ಕೆಲಸ ಕಲಿತದ್ದು ಬೆಂಗಳೂರಿನಲ್ಲಿ. ಅಲ್ಲಿ ಯಾರೋ ಕರೆದುಕೊಂಡು ಹೋಗಿ ಒಂದು ಫುಟ್‌ಬಾಲ್ ಪಂದ್ಯ ತೋರಿಸಿದ್ದರು. ಅಲ್ಲಿಂದ ಮುಂದೆ ದೇಶದ ದೊಡ್ಡ ಲೀಗ್ ಯಾವತ್ತು ಶುರುವಾಗುತ್ತದೋ ಅವತ್ತೇ ಅವನ ಯುಗಾದಿ. ಹಬ್ಬಕ್ಕೆ ಬಟ್ಟೆ ಕೊಡಿಸುತ್ತೇನೆಂದರೆ ಬೇಡವೆನ್ನುತ್ತಿದ್ದ. ಸೀಸನ್ ಶುರುವಾಗುವಾಗ ತನ್ನ ತಂಡದ ಆ ವರ್ಷದ ನೀಲಿ ಜರ್ಸಿ ತಾನೇ ಕೊಂಡು ಬರುತ್ತಿದ್ದ. ಹಳೆಯದು ಅಂಗಡಿಯ ಕೆಲಸಕ್ಕೆ ಬೀಳುತ್ತಿತ್ತು. ವಾರ್ನಿಷ್ ಕಲೆಯಾಗಿ ತಿಂಗಳೊಳಗೆ ಅದರ ಬಣ್ಣ ಗುರುತೇ ಸಿಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಪಂದ್ಯವಿದ್ದ ದಿನ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿ ಬಸ್ಸು ಹತ್ತುತ್ತಿದ್ದ.

ಈ ವರ್ಷ ಸೀಸನ್ ಶುರುವಾಗಲೇ ಇಲ್ಲ. ದೊಡ್ಡವರ ನಡುವಿನ ಯಾವುದೋ ಒಪ್ಪಂದ ಇತ್ಯರ್ಥವಾಗುವ ತನಕ ತಡೆಹಿಡಿದಿದ್ದಾರೆಂದು ಸುದ್ದಿ ಬಂದಾಗ ನಾಗೇಶ ಆಸ್ಪತ್ರೆಯಲ್ಲಿದ್ದ. ಕಣ್ಣು ಅರಿಸಿನದಂತಾಗಿತ್ತು. ಆ ಕಣ್ಣಿನಲ್ಲೇ ಫೋನ್ ನೋಡುತ್ತ, "ಇವ್ರು ಶುರು ಮಾಡಾದ್ರೊಳಗೆ ನಾನ್ ಎದ್ ಬತ್ತೀನಿ ಕಣಕ್ಕ" ಎಂದಿದ್ದ. ಅವರೂ ಶುರು ಮಾಡಲಿಲ್ಲ, ಇವನೂ ಎದ್ದು ಬರಲಿಲ್ಲ.

ಅವನ ಎಡೆಗೆ ಈ ವರ್ಷದ ಜರ್ಸಿಯೇ ಆಗಬೇಕೆಂದು ನಾನು ಹಟ ಹಿಡಿದಿದ್ದೆ. ಜೊತೆಯಲ್ಲಿ ಪಂದ್ಯಕ್ಕೆ ಹೋಗುತ್ತಿದ್ದ ಪಾವಗಡದ ಮಂಜುನಿಗೆ ಹೇಳಿಟ್ಟಿದ್ದೆ. ಗುರುವಾರ ಅವನು ಫೋನ್ ಮಾಡಿ, "ಜರ್ಸಿ ರೆಡಿ ಐತೆ, ಬಂದ್ ತಗಂಡೋಗಕ್ಕ" ಎಂದ. ಯಾವ ಜರ್ಸಿ ಎಂದು ನಾನು ಕೇಳಲಿಲ್ಲ.

ಮಧುಗಿರಿಯಲ್ಲಿ ಬಸ್ಸು ಬದಲಿಸಿದೆ. ನಾಗೇಶನ ಮಳಿಗೆಯಲ್ಲಿ ಈಗ ಎಳನೀರು ರಾಶಿ ಹಾಕಿದ್ದಾರೆ. ಅತ್ತ ಮುಖ ಮಾಡದೆ ಪಾವಗಡದ ಸರ್ಕಾರಿ ಬಸ್ಸು ಹತ್ತಿದೆ. ಅದರಲ್ಲಿ ಹೆಂಗಸರ ಟಿಕೆಟ್ಟಿಗೆ ದುಡ್ಡಿಲ್ಲವಾದ್ದರಿಂದ ಶನಿಮಾತ್ಮನ ಭಕ್ತೆಯರೇ ತುಂಬಿದ್ದರು. ಮಿಡಿಗೇಶಿಯವರೆಗೆ ನಿಂತೇ ಹೋದೆ. ಮೋಡ ಕವಿದಿತ್ತು, ಹನಿ ಬೀಳಲಿಲ್ಲ. ಎರಡೂ ಕಡೆ ಕಡಲೆಕಾಯಿ ಹೊಲ. ಪಾವಗಡ ಹತ್ತಿರವಾದಂತೆ ಹಿಂದಿನ ಸೀಟಿನ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯತೊಡಗಿತು.

ಪಾವಗಡದಲ್ಲಿ ಇಳಿದಾಗ ನನ್ನ ತಮ್ಮ ಅಲ್ಲಿದ್ದ.

ಮಂಜು ಮತ್ತು ಅವನ ಗೆಳೆಯರು ಸಾಲಾಗಿ ನಿಂತಿದ್ದರು. ಎಲ್ಲರೂ ನೀಲಿ ಅಂಗಿ ತೊಟ್ಟಿದ್ದರು. ಪ್ರಾಯೋಜಕರ ಹೆಸರು ಇರಬೇಕಾದ ಜಾಗದಲ್ಲಿ, ಎದೆಯಿಂದ ಹೊಟ್ಟೆಯವರೆಗೆ, ನಾಗೇಶನ ಮುಖ. ಪಂದ್ಯದ ದಿನ ಕೆನ್ನೆಗೆ ಬಣ್ಣ ಬಳಿದುಕೊಂಡು ಹಲ್ಲು ಬಿಟ್ಟ ಫೋಟೊ. ಕೆಳಗೆ, ರಸ್ತೆ ಬದಿಯ ಫ್ಲೆಕ್ಸುಗಳಲ್ಲಿ ಬರೆಯುತ್ತಾರಲ್ಲ, ಹಾಗೆ: ಭಾವಪೂರ್ಣ ಶ್ರದ್ಧಾಂಜಲಿ, ಮತ್ತೆ ಹುಟ್ಟಿ ಬಾ ಗೆಳೆಯ. ಒಬ್ಬನಿಗೆ ಅಂಗಿ ಬಿಗಿಯಾಗಿ ನಾಗೇಶನ ಮುಖ ಅಗಲವಾಗಿತ್ತು. ಅವನು ಉಸಿರಾಡಿದರೆ ಇವನು ನಗುತ್ತಿದ್ದ.

"ಹೆಂಗೈತಕ್ಕಾ?" ಎಂದ ಮಂಜು.

"ಬಾಗುಂದಾ ಅಕ್ಕಾ?" ಎಂದು ಬಿಗಿ ಅಂಗಿಯವನೂ ಕೇಳಿದ.

"ಈ ವರ್ಷದ್ದು ಬೇಕು ಅಂದಿದ್ದೆನಲ್ಲಪ್ಪ ಮಂಜು" ಎಂದೆ.

"ಆಟನೇ ಇಲ್ದಿರೋ ವರ್ಸ ಜರ್ಸಿ ಎಲ್ಲಿಂದ ಬತ್ತದಕ್ಕಾ? ಅದ್ಕೇ ನಾವೇ ಶಿರಾದಾಗೆ ಪ್ರಿಂಟ್ ಹೊಡೆಸ್ಬುಟ್ವಿ. ನಿಂದು ಕವರ್‌ನಾಗೇ ಐತೆ, ಯಾರೂ ಮೈಗ್ ಹಾಕಿಲ್ಲ. ಎಡೆಗೆ ಹೊಸದೇ ಆಗ್ಬೇಕು ಅಂತ ನಂಗೂ ಗೊತ್ತು."

ಮಡಿಯ ವಿಷಯ ಅಷ್ಟು ನೆನಪಿಟ್ಟ ಹುಡುಗನಿಗೆ, ಸತ್ತವನು ತನ್ನದೇ ಶ್ರದ್ಧಾಂಜಲಿಯನ್ನು ಹೇಗೆ ತೊಟ್ಟುಕೊಂಡಾನು ಎಂದು ಹೊಳೆದಿರಲಿಲ್ಲ. ಅವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಚೆನ್ನಾಗಿದೆ ಎಂದೆ. ಹೋಟೆಲಿಗೆ ಕರೆದೊಯ್ದು ಮುದ್ದೆ, ಕಡಲೆಕಾಯಿ ಚಟ್ನಿ ಹಾಕಿಸಿದರು. ಎದುರಿಗೆ ಕೂತ ಮಂಜು ಬಗ್ಗಿದಾಗ ಸಾರು ಚೆಲ್ಲಿ ನಾಗೇಶನ ಹಣೆಯ ಮೇಲೆ ಬಿತ್ತು. "ಅಯ್ಯೋ, ಸಾರಿ ಕಣ್ಲಾ ನಾಗ" ಎಂದು ಮಂಜು ಬೆರಳಲ್ಲಿ ಒರೆಸಿದ. ಎಲ್ಲರೂ ನಕ್ಕರು; ಆಮೇಲೆ ತಲೆ ತಗ್ಗಿಸಿ ಮುದ್ದೆ ಮುರಿದರು.

ಆ ಅಂಗಿಯನ್ನು ಎಡೆಗೆ ಇಡುವಂತಿರಲಿಲ್ಲ. ಎಡೆಗಿಟ್ಟ ಬಟ್ಟೆಯನ್ನು ಮಾರನೆಯ ದಿನ ಮನೆಯ ಗಂಡಸೊಬ್ಬ ತೊಡಬೇಕು. ನಮ್ಮಣ್ಣ ತಮ್ಮನ ಮುಖವನ್ನು ಹೊಟ್ಟೆಯ ಮೇಲೆ ಹೊತ್ತು ಅವ್ವನ ಕಣ್ಣೆದುರು ಕುರಿ ಬಿಡಲು ಹೋಗುವುದು ಹೇಗೆ? ಕವರನ್ನು ಚೀಲದ ತಳಕ್ಕೆ ಹಾಕಿಕೊಂಡು, ಅದನ್ನು ಹೊಡೆದವನನ್ನೇ ಕೇಳೋಣವೆಂದು ಶಿರಾದ ಖಾಸಗಿ ಬಸ್ಸು ಹತ್ತಿದೆ. ಅದರಲ್ಲಿ ಹೆಂಗಸರಿಗೂ ದುಡ್ಡು. ಕಂಡಕ್ಟರ್ ಎಂಬತ್ತು ರೂಪಾಯಿ ತೆಗೆದುಕೊಂಡ. ನಡುವೆ ಆಂಧ್ರದ ನೆಲ ಬಂದು, ದಾರಿಯ ಬೋರ್ಡುಗಳು ತೆಲುಗಾಗಿ ಮತ್ತೆ ಕನ್ನಡವಾದವು. ಧೂಳಿಗೆ ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಕೆಮ್ಮು.

ಶಿರಾದಲ್ಲಿ ಪ್ರಿಂಟಿಂಗ್ ಅಂಗಡಿ ಹುಡುಕಲು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಹಳ್ಳಿ ಕ್ರಿಕೆಟ್ ತಂಡಗಳ ಅಂಗಿಗಳು ತೂಗುತ್ತಿದ್ದವು. ಬಿಳಿ ಗಡ್ಡದ ಸಾಹೇಬರು ನನ್ನ ಕವರ್ ನೋಡಿದವರೇ ಎದ್ದು ನಿಂತರು.

"ಬೈಠೋ ಬೇಟಿ, ಕುತ್ಕೋ. ನಿನ್ನ ತಮ್ಮಾನಾ? ಹೊಡೀವಾಗ್ಲೇ ಅಂದೆ, ಇಷ್ಟು ನಗೋ ಹುಡುಗ ಹೆಂಗ್ ಹೋದ ಅಂತ."

ಫೋಟೊ ಇಲ್ಲದೆ ಇದೇ ಬೇಕು, ಈ ವರ್ಷದ್ದು, ಎಂದೆ.

"ಈ ಸಾಲ್ದು ಡಿಜೈನೇ ಬಂದಿಲ್ಲಮ್ಮಾ. ಅಸ್ಲಿ ಬಂದ್ರೆ ತಾನೆ ನಾನು ನಕ್ಲಿ ಮಾಡೋದು?" ಎಂದು ಅವರು ತಮ್ಮ ಮಾತಿಗೆ ತಾವೇ ನಕ್ಕು, ತಕ್ಷಣ ನಗು ನಿಲ್ಲಿಸಿದರು. "ಖಾಲಿ ನೀಲಿ ಕೊಡ್ಲಾ? ಹಿಂದೆ ಹೆಸರು ಹಾಕಿ? ಹತ್ತು ಮಿನಿಟು."

ನೀಲಿ ಬಟ್ಟೆಯನ್ನು ಹಿಡಿದು ನೋಡಿದೆ. ನಾಗೇಶ ಹೊಲಿಗೆ ನೋಡಿಯೇ ನಕಲಿ ಹಿಡಿಯುತ್ತಿದ್ದ. ಬಸ್ಸಿನಲ್ಲಿ ಯಾರಾದರೂ ಅಂಥದ್ದು ತೊಟ್ಟಿದ್ದರೆ ಇಳಿಯುವವರೆಗೂ ಆಡಿಕೊಳ್ಳುತ್ತಿದ್ದ. ಇಟ್ಟರೆ ಅವನು ಮುಟ್ಟಲಾರ.

"ಬೇಡ ಸಾಬ್ರೆ."

"ನಿಲ್ಸಿದ್ರಂತಲ್ಲ ಆ ಆಟ. ಯಾವಾಗ ಸುರು?"

"ಗೊತ್ತಿಲ್ಲ. ನಮ್ಮ ಹಬ್ಬ ನಾಳೆ."

ಮಧುಗಿರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಆ ಒಪ್ಪಂದದವರ ಬಗ್ಗೆ ಯೋಚಿಸಿದೆ. ಅವರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ಅವರಿಗೆ ಸೀಸನ್ ಎಂದರೆ ಮುಂದೂಡಬಹುದಾದದ್ದು. ಚಳಿಗಾಲಕ್ಕೋ ಬೇಸಿಗೆಗೋ ಒಂದು ದಿನ ಸಹಿ ಹಾಕುತ್ತಾರೆ, ಹೊಸ ಜರ್ಸಿ ಬಿಡುತ್ತಾರೆ, ಜನ ಕುಣಿಯುತ್ತಾರೆ. ಮಂಜುವೂ ಕುಣಿಯುತ್ತಾನೆ. ಕುಣಿಯಬಾರದೆಂದು ನಾನು ಹೇಳಲಾರೆ. ನನಗೆ ಯಾರ ಮೇಲೂ ಸರಿಯಾಗಿ ಸಿಟ್ಟೂ ಬರಲಿಲ್ಲ, ಅದೇ ಹೆಚ್ಚು ನೋಯಿಸಿತು.

ಬರಿಗೈಲಿ ಹೋಗುವಂತಿರಲಿಲ್ಲ. ಮಧುಗಿರಿಯ ಪೇಟೆಯಲ್ಲಿ ಅಂಗಡಿಗಳು ದೀಪ ಹಚ್ಚುವ ಹೊತ್ತು. ಹಬ್ಬದ ಹಿಂದಿನ ದಿನವಾದ್ದರಿಂದ ಬಟ್ಟೆ ಅಂಗಡಿಯ ಮುಂದೆಯೇ ಪಂಚೆ, ಟವೆಲ್ ಜೋಡಿಸಿಟ್ಟಿದ್ದರು. ದಿನವಿಡೀ ನಾಗೇಶನ ಜರ್ಸಿಯ ಸೈಜನ್ನೇ ತಲೆಯಲ್ಲಿಟ್ಟುಕೊಂಡಿದ್ದ ನಾನು ಪಂಚೆ ಕೇಳುವಾಗಲೂ ಬಾಯಿತಪ್ಪಿ "ಎಂ" ಎಂದೆ.

"ಪಂಚೆಗೆ ಸೈಜೆಲ್ಲೈತಮ್ಮ" ಎಂದ ಅಂಗಡಿಯವನು. "ಹಿರೀಕರಿಗೆ ತಾನೆ? ಇದು ತಗಳಿ, ಕೆಂಪಂಚು."

ಹಿರೀಕರಿಗೆ ಎಂದೆ.

ನನ್ನ ತವರು ಐ.ಡಿ.ಹಳ್ಳಿಯ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅದಕ್ಕೂ ಮೊದಲಿನದೇ ಸಿಕ್ಕಿತು. ಅವ್ವ ಬಾಗಿಲಲ್ಲೇ ಕೂತಿದ್ದಳು. ಒಳಗೆ ಅಕ್ಕಿ ನೆನೆಹಾಕಿದ್ದರು. ಪೊಟ್ಟಣ ಬಿಚ್ಚಿ, ಪಂಚೆಯ ಅಂಚನ್ನು ಬೆರಳಲ್ಲಿ ಸವರಿದಳು.

"ಪಂಚೆ ತಂದಿದೀಯಲ್ಲೇ. ಉಟ್ಕಳಾಕೇ ಬತ್ತಿರ್ನಿಲ್ಲ ಕಣೇ ಅವ್ನಿಗೆ."

"ಕಲ್ತ್ಕಳ್ಲಿ ಬುಡವ್ವ" ಎಂದೆ. "ಇನ್ ವರ್ಸಾ ವರ್ಸಾ ಅದೇ ಇಡಾದು."