ಡಾಂಬರು ಹಾಕಲು ಒಳ್ಳೆಯ ದಿನ

ದೆಹಲಿಯ ದ್ವಾರಕಾದಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದನ್ನು ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ, ಕಲಿಯುವ ವಯಸ್ಸೂ ದಾಟಿತು. ಎದುರಿಗೆ ಸಿಕ್ಕಾಗ ಹೆಸರಿನ ಹಿಂದೆ ‘ಜೀ’ ಸೇರಿಸುತ್ತೇನೆ. ಇಲ್ಲಿ ಆ ಕಟ್ಟುಪಾಡಿಲ್ಲ, ‘ಅವನು’ ಎಂದೇ ಬರೆಯುತ್ತೇನೆ.

ನಾನು ಮೂವತ್ತು ವರ್ಷ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಡಾಂಬರು ಪರೀಕ್ಷೆ ಮಾಡಿದವಳು. ಎಷ್ಟು ಬಿಸಿಗೆ ಕರಗುತ್ತದೆ, ಎಷ್ಟು ಚಳಿಗೆ ಬಿರುಕು ಬಿಡುತ್ತದೆ, ಜಲ್ಲಿಯನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ನೋಡುವುದೇ ನನ್ನ ನೌಕರಿಯಾಗಿತ್ತು. ನಿವೃತ್ತಿಯಾದ ಮೇಲೆ ಅದನ್ನು ಯಾರೂ ಕೇಳಲಿಲ್ಲ. ಆಮೇಲೊಂದು ಜುಲೈಯಲ್ಲಿ, ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗಿನ ದಾರಿಗೆ ಹೊಸ ಡಾಂಬರು ಹಾಕಿಸಬೇಕೆಂದು ಸೆಕ್ರೆಟರಿ ಮೀಟಿಂಗ್ ಕರೆದ. ಮರುವಾರವೇ ಕೆಲಸ ಎಂದ.

ನಾನು ಎದ್ದು ನಿಂತು, ಮಳೆಗಾಲದಲ್ಲಿ ಹಾಕಿದರೆ ನಿಲ್ಲುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದೆ. ಒದ್ದೆ ನೆಲಕ್ಕೆ ಡಾಂಬರು ಅಂಟುವುದಿಲ್ಲ, ಅಡಿಯಲ್ಲಿ ಸಿಕ್ಕಿಬಿದ್ದ ನೀರು ಪದರವನ್ನು ಎಬ್ಬಿಸುತ್ತದೆ, ಮಳೆ ನಿಂತು ನೆಲ ಒಣಗಲಿ, ಅಕ್ಟೋಬರಿನಲ್ಲಿ ಹಾಕಿಸೋಣ ಎಂದೆ.

ಅವನು ನನ್ನ ಕಡೆ ನೋಡಲೂ ಇಲ್ಲ. “ದೋಸೆ ಹಾಕೋದು ಹೇಗೆ ಅಂತ ಮೇಡಮ್ ಜೀ ಅವರನ್ನೇ ಕೇಳೋಣ. ರಸ್ತೆ ಹಾಕೋದು ನಮಗೆ ಬಿಡಲಿ” ಎಂದ.

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ನನ್ನ ಪಕ್ಕದಲ್ಲಿ ಕೂತಿದ್ದ ನನ್ನ ಗಂಡನೂ ನಕ್ಕರು. ಅವರು ನಗುವುದು ಅಭ್ಯಾಸಬಲದಿಂದ. ಕೇಂದ್ರ ಸಚಿವಾಲಯದಲ್ಲಿ ಗುಮಾಸ್ತರಾಗಿ ಮೇಲಿನವರ ಮಾತಿಗೆಲ್ಲ ನಕ್ಕು ರೂಢಿಯಾದವರು. ಆದರೂ ಆ ನಗು ನನಗೆ ತಾಗಿತು.

ನಾನು ಸೀದಾ ಕೆಳಗಿಳಿದು ಗೇಟಿನ ಬಳಿ ಹೋದೆ. ಹಿಂದಿನ ವರ್ಷ ಅವನೇ ಮಳೆಯಲ್ಲಿ ಹಾಕಿಸಿದ್ದ ತೇಪೆ ಅಲ್ಲಿತ್ತು. ಬಗ್ಗಿ ಬೆರಳಿನಲ್ಲಿ ಎತ್ತಿದರೆ ರೊಟ್ಟಿಯ ಹಾಗೆ ಎದ್ದು ಬಂತು. ಅದನ್ನು ಹಾಲ್‌ಗೆ ಒಯ್ದು ಅವನ ಫೈಲಿನ ಮೇಲೆ ಇಟ್ಟೆ. ಕೆಸರು ನೀರು ಕಾಗದಗಳ ಮೇಲೆಲ್ಲ ಹರಿಯಿತು.

“ಇದು ನಿಮ್ಮ ರಸ್ತೆ” ಎಂದೆ.

ಈ ಸಲ ನಗು ನನ್ನ ಪರವಾಗಿತ್ತು. ಕೈ ಎತ್ತಿಸಿ ಎಣಿಸಿದರು, ಅಕ್ಟೋಬರ್ ಗೆದ್ದಿತು. ಅವನು ಕರ್ಚೀಫಿನಿಂದ ಫೈಲು ಒರೆಸುತ್ತ ತಲೆ ತಗ್ಗಿಸಿಯೇ ಕೂತಿದ್ದ. ಅದನ್ನು ನೋಡಿ ನನಗೆ ಎಂಥ ಸುಖವಾಯಿತೆಂದರೆ, ಮನೆಗೆ ಬಂದು ಒಬ್ಬಳೇ ಎರಡು ಲೋಟ ಕಾಫಿ ಕುಡಿದೆ.

ದಸರೆ ಮುಗಿದು ಕೂಲಿಯವರು ಊರಿಂದ ಬರುವಷ್ಟರಲ್ಲಿ ಅಕ್ಟೋಬರ್ ಕೊನೆಗೆ ಬಂದಿತ್ತು. ಕಾಂಟ್ರಾಕ್ಟರ್ ನನ್ನ ಬಳಿ ಬಂದು, “ಆಂಟೀ ಜೀ, ಗಾಳಿ ಕೆಡ್ತಿದೆ. ಸರ್ಕಾರದವರು ಯಾವಾಗ ಬೇಕಾದ್ರೂ ಕೆಲಸ ಬಂದ್ ಮಾಡಿಸ್ತಾರೆ. ಈಗ ಹಳೇ ರಸ್ತೆ ಕೆರೆದುಹಾಕೋದು ಬೇಡ” ಎಂದ. ಸೆಕ್ರೆಟರಿ ಹೇಳಿಕೊಟ್ಟು ಕಳಿಸಿದ್ದಾನೆ ಎಂದು ನನಗೆ ಅನಿಸಿತು. “ನಿಮ್ಮ ಕೆಲಸ ನೀವು ಮಾಡಿ ಭಯ್ಯಾ” ಎಂದು ಕಳಿಸಿಬಿಟ್ಟೆ.

ಇಷ್ಟು ವರ್ಷ ದೆಹಲಿಯಲ್ಲಿದ್ದೇನೆ. ಆ ದಿನಗಳಲ್ಲಿ ಊರಿನ ಮೇಲೆ ಕೆಟ್ಟ ಹೊಗೆ ಕವಿಯುವುದು, ಅದಕ್ಕಾಗಿ ಕಟ್ಟಡದ ಕೆಲಸ, ಡಾಂಬರು ಬೇಯಿಸುವ ಪ್ಲಾಂಟು ಎಲ್ಲ ಮುಚ್ಚುವುದು ನನಗೆ ಗೊತ್ತಿಲ್ಲದ್ದಲ್ಲ. ನಾನು ನೆಲದ ತೇವ ನೋಡಿದೆ, ಬಿಸಿಲು ನೋಡಿದೆ, ಬೆಳಗಿನ ಚಳಿ ಎಷ್ಟೆಂದು ನೋಡಿದೆ. ಗಾಳಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಶನಿವಾರ ಹಳೆಯ ಪದರ ಕೆರೆದು ತೆಗೆದರು. ಸೋಮವಾರ ಬಂದ್ ಆಯಿತು.

ಆಮೇಲೆ ನಮ್ಮ ಗೇಟಿನೊಳಗೆ ಇದ್ದದ್ದು ಜಲ್ಲಿ ಮತ್ತು ಧೂಳು. ಸ್ಕೂಟರುಗಳು ಜಾರಿದವು. ಒಗೆದು ಹಾಕಿದ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಸೆಕ್ರೆಟರಿ ದಿನಾ ಬೆಳಿಗ್ಗೆ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ದಾರಿಯ ಫೋಟೋ ಹಾಕಿ, ‘ಅಕ್ಟೋಬರ್ ವಾಲೀ ಸಡಕ್, ಗುಡ್ ಮಾರ್ನಿಂಗ್’ ಎಂದು ನನ್ನ ಅಕ್ಟೋಬರ್ ರಸ್ತೆಯನ್ನು ಹಂಗಿಸಿ ಬರೆಯುತ್ತಿದ್ದ. ಅದರ ಕೆಳಗೆ ಸಾಲಾಗಿ ನಗುವ ಮುಖಗಳು. ನಾನು ಮೊದಮೊದಲು ಉತ್ತರ ಬರೆದೆ, ಆಮೇಲೆ ಬಿಟ್ಟೆ. ತರಕಾರಿ ತರಲು ಹಿಂದಿನ ಸಣ್ಣ ಗೇಟಿನಿಂದ ಹೋಗತೊಡಗಿದೆ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಗಂಡ ಹಾಲಿನ ಪ್ಯಾಕೆಟ್ ಹಿಡಿದು ಬರುವಾಗ ಆ ಜಲ್ಲಿಯ ಮೇಲೆ ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ನಾನು ಗುರುಗ್ರಾಮದಲ್ಲಿ ಮಗಳ ಮನೆಯಲ್ಲಿದ್ದೆ. ಫೋನ್ ಬಂದಾಗ ಮಗಳೇ ಎತ್ತಿದಳು. “ಅಮ್ಮ, ಪಪ್ಪಾ ಗಿರ್ ಗಯೇ, ಬಿದ್ದುಬಿಟ್ರಂತೆ” ಎಂದು ಹೇಳಿ, ಆಮೇಲೆ ನಿಧಾನವಾಗಿ, “ಸೆಕ್ರೆಟರಿ ಅಂಕಲ್ ಹಾಸ್ಪಿಟಲ್‌ಗೆ ಕರ್ಕೊಂಡು ಹೋಗಿದ್ದಾರೆ” ಎಂದಳು.

ನಾನು ಆಸ್ಪತ್ರೆ ಸೇರಿದಾಗ ಅವನು ಬೆಂಚಿನ ಮೇಲೆ ನನ್ನ ಗಂಡನ ಚಪ್ಪಲಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ಎಕ್ಸ್‌ರೇ ಕವರು ನನ್ನ ಕೈಗೆ ಕೊಟ್ಟ. ಒಂದು ಚುಚ್ಚುಮಾತೂ ಆಡದೆ ಹೊರಟುಹೋದ. ಏನಾದರೂ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವನು ಮಾಡಿದ ಉಪಕಾರಕ್ಕೆ ಅವನ ಮೇಲಿನ ನನ್ನ ಸಿಟ್ಟು ಇಮ್ಮಡಿಯಾಯಿತು.

ಡಿಸೆಂಬರಿನ ಕೊನೆಗೆ ಗಾಳಿ ಕೊಂಚ ತಿಳಿಯಾಗಿ ಒಂದು ವಾರದ ಮಟ್ಟಿಗೆ ಬಂದ್ ತೆಗೆದರು. ಮರುದಿನ ಬೆಳಿಗ್ಗೆ ಏಳಕ್ಕೇ ಲಾರಿ ಬಂದು ನಿಂತಿತು. ಎದುರಿನ ಬ್ಲಾಕ್ ಕಾಣದಷ್ಟು ಮಂಜು. ನಾನು ಸ್ವೆಟರಿನ ಮೇಲೆ ಶಾಲು ಹೊದ್ದು, ಉದ್ದ ಕಡ್ಡಿಯ ಥರ್ಮಾಮೀಟರ್ ಹಿಡಿದು ಇಳಿದೆ. ದೂರದ ಪ್ಲಾಂಟಿನಿಂದ ಹೊರಟ ಲಾರಿ ಮಂಜಿನಲ್ಲಿ ತೆವಳಿಕೊಂಡು ಬಂದಿತ್ತು. ಬಿಸಿ ಡಾಂಬರಿನಿಂದ ಏಳಬೇಕಾದ ಹೊಗೆ ಕಾಣಲಿಲ್ಲ. ಲಾರಿಯ ಗಾಲಿ ಹತ್ತಿ, ಡಾಂಬರು ಕಲೆಸಿದ ಜಲ್ಲಿಯ ಮಾಲಿನೊಳಗೆ ಕಡ್ಡಿ ತೂರಿಸಿದೆ. ಮುಳ್ಳು ತೊಂಬತ್ತು ಡಿಗ್ರಿಯನ್ನೂ ಮುಟ್ಟಲಿಲ್ಲ. ನೂರಿಪ್ಪತ್ತಕ್ಕಿಂತ ಕೆಳಗಿಳಿದ ಮಾಲನ್ನು ಹಾಸಲೇಬಾರದು. ಮೇಲೆ ರೋಲರ್ ಎಷ್ಟು ಓಡಿಸಿದರೂ ಅದು ಒತ್ತಿಕೊಳ್ಳುವುದಿಲ್ಲ.

ನಾನು ಇಳಿದು ಲಾರಿಯ ಹಿಂದೆ, ಮಾಲು ಸುರಿಯುವ ಕಡೆಯೇ ನಿಂತೆ.

ಸೆಕ್ರೆಟರಿ ಕಿರುಚಿದ: “ಹಟಿಯೇ ಮೇಡಮ್, ಸರೀರಿ ಆಚೆ! ಎರಡು ತಿಂಗಳಿಂದ ಜನ ಧೂಳು ತಿಂತಿದ್ದಾರೆ!”

“ಇದನ್ನ ಹಾಕಿದ್ರೆ ಹೋಳಿಯೊಳಗೆ ಮತ್ತೆ ಜಲ್ಲಿ” ಎಂದೆ. “ವಾಪಸ್ ಕಳಿಸಿ.”

ಬಾಲ್ಕನಿಗಳಲ್ಲಿ ಜನ ಸೇರಿದರು. ಯಾರೋ ನನ್ನನ್ನು ಹುಚ್ಚಿ ಎಂದರು. ಅಷ್ಟರಲ್ಲಿ ನನ್ನ ಗಂಡ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ತೂಗುಹಾಕಿಕೊಂಡು ಕೆಳಗೆ ಬಂದರು. ಹತ್ತಿರ ಬಂದು ಕನ್ನಡದಲ್ಲಿ, “ಬಾ, ಪಕ್ಕಕ್ಕೆ ಬಾ. ಹಾಕ್ಕೊಳ್ಳಲಿ. ನನಗೆ ನಡೆಯೋಕೆ ಒಂದು ದಾರಿ ಬೇಕು” ಎಂದರು.

“ಇದು ನಿಲ್ಲಲ್ಲ ರೀ. ಮಾಲು ತಣ್ಣಗಾಗಿಹೋಗಿದೆ.”

“ನಿನಗೆ ದಾರಿ ಬೇಕಾಗಿಲ್ಲ ಕಣೇ. ಅವನು ಸೋಲಬೇಕು, ಅಷ್ಟೇ.”

ನಾನು ಅವರ ಕಡೆ ತಿರುಗಲಿಲ್ಲ. ನಿಂತೇ ಇದ್ದೆ. ಅವರು ಇನ್ನೊಂದು ಸಲ ನನ್ನ ಹೆಸರು ಹಿಡಿದು ಕರೆದರು. ಎಲ್ಲರೂ ನೋಡುತ್ತಿದ್ದರು. ಕೊನೆಗೆ ಅವರೊಬ್ಬರೇ ಆ ಜಲ್ಲಿಯ ಮೇಲೆ ಹೆಜ್ಜೆ ಹುಡುಕಿಕೊಂಡು ಹಿಂದಿರುಗಿದರು. ಅರ್ಧ ಗಂಟೆಯಾಗುವಷ್ಟರಲ್ಲಿ ಮಾಲು ಇನ್ನೂ ಗಟ್ಟಿಯಾಯಿತು. ಕಾಂಟ್ರಾಕ್ಟರನೇ ಕೈಚೆಲ್ಲಿ ಲಾರಿಯನ್ನು ಹಿಂದಕ್ಕೆ ಕಳಿಸಿದ.

ಇನ್ನೊಂದು ಲಾರಿ ಸಿಗುವ ಮೊದಲೇ ಮತ್ತೆ ಬಂದ್ ಆಯಿತು, ದಾರಿಗೆ ಡಾಂಬರು ಬಿದ್ದದ್ದು ಮಾರ್ಚಿನಲ್ಲಿ. ನಾಲ್ಕು ದಿನದಿಂದ ಒಣ ಬಿಸಿಲಿತ್ತು, ಗಾಳಿಯಲ್ಲಿನ ಚಳಿ ಹೋಗಿತ್ತು. ಹತ್ತು ಗಂಟೆಗೆ ನೆಲ ಮುಟ್ಟಿದರೆ ಅಂಗೈ ಬೆಚ್ಚಗಾಗುತ್ತಿತ್ತು. ಕಾಂಟ್ರಾಕ್ಟರ್ ತಾನಾಗಿ ಬಂದು ನನ್ನನ್ನು ಕರೆದ. ಕಡ್ಡಿ ತೂರಿಸಿದಾಗ ಮುಳ್ಳು ನೂರನಲವತ್ತು ದಾಟಿತು, ಮುಖಕ್ಕೆ ಹೊಗೆ ಬಡಿಯಿತು. ರೋಲರ್ ಮೂರನೆಯ ಸಲ ಹೋಗುವಾಗ ದಾರಿ ಕಪ್ಪಗೆ ನುಣುಪಾಗಿ ಹೊಳೆಯಿತು. ನಾನು ನೋಡುತ್ತ ನಿಂತಿದ್ದೆ. ಸೆಕ್ರೆಟರಿ ಆಚೆ ಬದಿಯಲ್ಲಿದ್ದ.

“ಈಗ ತೃಪ್ತಿಯಾಯ್ತಾ?” ಎಂದು ಕೇಳಿದ.

“ಜುಲೈಯಲ್ಲಿ ನಿಮ್ಮ ಮಾತು ಕೇಳಿದ್ದರೆ ಇದು ಇಷ್ಟು ಹೊತ್ತಿಗೆ ಎದ್ದುಹೋಗಿರ್ತಿತ್ತು” ಎಂದೆ.

“ಇರಬಹುದು. ಭಾಯಿ ಸಾಹೇಬರ ಕೈ ಮಾತ್ರ ನೆಟ್ಟಗಿರ್ತಿತ್ತು.”

ಹಾಗೆಂದು ಅವನು, ಹೊಸ ದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಲು ಗಾರ್ಡಿಗೆ ಹೇಳುತ್ತ ನಡೆದುಬಿಟ್ಟ.

ಆ ವರ್ಷದ ಮಳೆಯನ್ನು ದಾರಿ ಪೂರ್ತಿ ತಡೆದುಕೊಂಡಿತು. ಒಂದು ಕಡೆಯೂ ನೀರು ನಿಲ್ಲಲಿಲ್ಲ. ಗ್ರೂಪಿನಲ್ಲಿ ಎಲ್ಲರೂ ಸೆಕ್ರೆಟರಿಗೆ ಕೈಮುಗಿದು ಧನ್ಯವಾದ ಬರೆದರು. ಅವನು ಅದನ್ನು ಸುಮ್ಮನೆ ಸ್ವೀಕರಿಸಿದ.

ನನ್ನ ಗಂಡನ ಮಣಿಕಟ್ಟು ಕೂಡಿತು, ಬಲ ಬರಲಿಲ್ಲ. ಒಂದು ಮಧ್ಯಾಹ್ನ ಅವರು ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಲಾರದೆ ನನ್ನ ಕಡೆ ಸರಿಸಿದರು. ತೆಗೆದುಕೊಟ್ಟು, “ತಪ್ಪಾಯ್ತು” ಎಂದೆ.

“ಯಾವುದಕ್ಕೆ?”

“ಅಕ್ಟೋಬರಿಗೆ. ಕೈಗೆ.”

ಅವರು ಅನ್ನ ಕಲೆಸಿಕೊಂಡರು. “ಕೈ ವಿಷಯ ಬಿಡು. ಕಾಲು ಜಾರಿತು, ಬಿದ್ದೆ. ಆ ಮಂಜಿನ ದಿನ ಅಷ್ಟು ಜನರೆದುರು ಎರಡು ಸಲ ಕರೆದೆ. ತಿರುಗಿ ನೋಡಲಿಲ್ಲ ನೀನು. ಕ್ಷಮೆ ಕೇಳೋದಾದ್ರೆ ಅದಕ್ಕೆ ಕೇಳು.”

“ಅದಕ್ಕೆ ಕೇಳೋಕಾಗಲ್ಲ ರೀ” ಎಂದೆ. “ಆ ದಿನ ನಾನು ಹೇಳಿದ್ದು ಸರಿಯಿತ್ತು.”

“ಗೊತ್ತು” ಎಂದರು ಅವರು, ಮತ್ತೆ ತಟ್ಟೆಗೆ ಬಗ್ಗಿದರು.